ಮೇಷ್ಟ್ರ ತೃಪ್ತಿಮಾಪಕ

"ಗಿರಾಕಿ ಸುಳ್ಳು ಹೇಳಬಹುದು ನಿಂಗರಾಜ, ಗಿರಾಕಿ ಕತ್ತು ಸುಳ್ಳು ಹೇಳಲ್ಲ" ಎನ್ನುತ್ತ ಪಾಂಡುರಂಗಯ್ಯ ಮೇಷ್ಟ್ರು ನನ್ನ ಕ್ಷೌರದ ಕುರ್ಚಿಗೆ ಕೊನೆಯ ಸ್ಕ್ರೂ ಬಿಗಿದರು.

ಮೇಷ್ಟ್ರು ನಮ್ಮ ಪಕ್ಕದ ಮನೆಯವರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಯಂತ್ರ ಮಾಡುವ ಚಟಕ್ಕೆ ಬಿದ್ದರು. ಅವರ ದೋಸೆಯಂತ್ರ ಮಗುಚಿ ಹಾಕಿದ ಮೊದಲ ದೋಸೆ ಇನ್ನೂ ನಮ್ಮ ತೆಂಗಿನ ಮರದಲ್ಲಿದೆ.

ಆದರೂ ಅವರನ್ನು ಅಂಗಡಿಯೊಳಗೆ ಬಿಟ್ಟುಕೊಂಡೆ, ಬೇರೆ ದಾರಿ ಇರಲಿಲ್ಲ. ಎದುರಿಗೆ ಎ.ಸಿ. ಸಲೂನ್ ಬಂದ ಮೇಲೆ ನನ್ನ ಬೆಂಚು ಖಾಲಿ ಹೊಡೆಯುತ್ತಿತ್ತು. ಹೀಗೇ ಆದರೆ ಅಪ್ಪ ಹಾಕಿದ ಅಂಗಡಿಗೆ ಯುಗಾದಿಯೊಳಗೆ ಬೀಗ. ಏನು ತಪ್ಪಾಗಿದೆ ಅಂತ ಯಾರಾದರೂ ಹೇಳಿದರೆ ತಾನೆ? ಮೂವತ್ತು ವರ್ಷದಿಂದ ಕಟಿಂಗ್ ಮುಗಿಸಿ, ತಲೆಯ ಹಿಂದೆ ಕೈಗನ್ನಡಿ ಹಿಡಿದು "ಹೆಂಗಿದೆ?" ಎಂದು ಕೇಳುತ್ತಿದ್ದೇನೆ. ಎಲ್ಲರೂ "ಚೆನ್ನಾಗಿದೆ" ಎಂದು ತಲೆಯಾಡಿಸುತ್ತಾರೆ. ಹಿಡಿಸದವರೂ ತಲೆಯಾಡಿಸಿ, ಮುಂದಿನ ತಿಂಗಳು ಎದುರಂಗಡಿಗೆ ಹೋಗುತ್ತಾರೆ.

ಯಂತ್ರದಲ್ಲಿ ಮೂರು ಭಾಗಗಳಿದ್ದವು. ಕತ್ತಿನ ನಾಡಿ ನೋಡಿ ತೃಪ್ತಿ ಅಳೆಯುವ ಮೀಟರು, ಟ್ರಿಮ್ಮರ್ ಹಿಡಿದ ಕಬ್ಬಿಣದ ಕೈ, ಸೊಂಟಕ್ಕೊಂದು ಪಟ್ಟಿ.

"ಮುಳ್ಳು ಸರಿಯಾಗಿ ನೂರಕ್ಕೆ ನಿಂತ್ರೆ ಮಾತ್ರ ಪಟ್ಟಿ ಬಿಚ್ಕೊಳ್ಳತ್ತೆ. ಕಮ್ಮಿ ಇದ್ರೆ ಕೈ ತಾನೇ ಬಂದು ಕಟಿಂಗ್ ಸರಿಮಾಡತ್ತೆ. ತೃಪ್ತಿ ಇಲ್ದೆ ಒಬ್ಬ ಗಿರಾಕಿನೂ ಹೊರಗೆ ಹೋಗಲ್ಲ" ಎಂದರು ಮೇಷ್ಟ್ರು.

ಮೊದಲು ಬಂದವರು ಕೊಬ್ಬರಿ ಮಂಡಿಯ ಯಜಮಾನರು ಷಡಕ್ಷರಪ್ಪನವರು. ಕಟಿಂಗ್ ಮುಗಿಸಿ ಕನ್ನಡಿ ಹಿಡಿದೆ.

"ಚೆನ್ನಾಗಿದೆ" ಎಂದು ಅವರು ತಲೆಯಾಡಿಸಿದರು.

ಮುಳ್ಳು ಮೂವತ್ತೊಂದಕ್ಕೆ ನಿಂತಿತು. ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಅಷ್ಟರಲ್ಲಿ ಕಬ್ಬಿಣದ ಕೈ ಇಳಿದು ಬಂದು ಯಜಮಾನರ ಬಲಗಡೆ ಸವರಿತು. ಮುಳ್ಳು ಇಪ್ಪತ್ತಕ್ಕಿಳಿಯಿತು. ಎಡಗಡೆ ಸವರಿತು. ಹನ್ನೆರಡು.

"ಸಾಕು ಬಿಡ್ರಯ್ಯ, ತೃಪ್ತಿಯಾಯ್ತು!"

"ನೀವು ಹೇಳಿದ್ರೆ ಆಗಲ್ಲ ಯಜಮಾನ್ರೇ, ಮುಳ್ಳು ಹೇಳ್ಬೇಕು" ಎಂದರು ಮೇಷ್ಟ್ರು.

ಕೂದಲು ಹೋದಷ್ಟೂ ಯಜಮಾನರ ತೃಪ್ತಿ ಇಳಿಯಿತು. ತೃಪ್ತಿ ಇಳಿದಷ್ಟೂ ಯಂತ್ರ ಇನ್ನಷ್ಟು ಕತ್ತರಿಸಿತು. ನಾನು ಓಡಿ ಹೋಗಿ ಪ್ಲಗ್ ಕಿತ್ತೆ. ಅದು ನಿಲ್ಲಲಿಲ್ಲ.

"ಕರೆಂಟ್ ಹೋದ್ರೂ ಸೇವೆ ನಿಲ್ಬಾರ್ದು ಅಂತ ಬ್ಯಾಟರಿ ಹಾಕಿದ್ದೀನಿ" ಎಂದು ಮೇಷ್ಟ್ರು ಹೆಮ್ಮೆಯಿಂದಲೇ ಹೇಳಿ, ತಡೆಯಲು ಬಗ್ಗಿದರು. ಅವರದು ಮೊದಲೇ ಬೋಳುತಲೆ. ಯಂತ್ರ ಸಿಕ್ಕ ಎರಡು ಹುಬ್ಬುಗಳನ್ನೇ ತೆಗೆಯಿತು. ಆಮೇಲೆ ಯಜಮಾನರ ಮೀಸೆಗೆ ಬಂತು.

ಬಾಗಿಲಲ್ಲಿ ಇಣುಕಿದ ಹೂವಿನ ಜಯಕ್ಕ, "ತಿರುಪತಿಗೆ ಹೋಗಿದ್ರಾ ಯಜಮಾನ್ರೇ? ಪ್ರಸಾದ ಎಲ್ಲಿ?" ಎಂದು ಕೇಳಿದಳು. ಮುಳ್ಳು ಸೊನ್ನೆ ಮುಟ್ಟಿತು.

ನನ್ನ ಅಂಗಡಿಯ ಕತೆ ಮುಗಿಯಿತು ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಕೊಬ್ಬರಿ ಎಣ್ಣೆ ಸುರಿದುಕೊಂಡು, "ತಪ್ಪಾಯ್ತು ಯಜಮಾನ್ರೇ" ಎನ್ನುತ್ತ ಆ ನುಣ್ಣನೆಯ ತಲೆಯನ್ನು ತಿಕ್ಕತೊಡಗಿದೆ. ಅಪ್ಪ ಕಲಿಸಿದ ಮಾಲೀಸು ಅದು. ಗಡಿಬಿಡಿಯಲ್ಲಿ ಎಷ್ಟೋ ವರ್ಷದಿಂದ ಬಿಟ್ಟೇಬಿಟ್ಟಿದ್ದೆ.

ಕತ್ತರಿಸಲು ಏನೂ ಉಳಿಯದೆ ಕಬ್ಬಿಣದ ಕೈ ನಿಂತಿತು. ಮುಳ್ಳು ಮೆಲ್ಲಗೆ ಏರಿತು. ನಲವತ್ತು. ಎಪ್ಪತ್ತು. ಷಡಕ್ಷರಪ್ಪನವರು ಕಣ್ಣು ಮುಚ್ಚಿಯೇ ಮಾತಾಡಿದರು.

"ನಿಮ್ಮಪ್ಪನ ಕೈಯೇ ಕಣೋ ಇದು. ಇದಕ್ಕೇ ನಾನು ಬರ್ತಿದ್ದಿದ್ದು. ಆಮೇಲೆ, ಎಡಗಿವಿ ಹತ್ರ ಹತ್ತು ವರ್ಷದಿಂದ ಉದ್ದ ಬಿಡ್ತೀಯ. ಹೇಳೋಕೆ ಸಂಕೋಚ ಆಗ್ತಿತ್ತು."

ಮುಳ್ಳು ನೂರಕ್ಕೆ ನಿಂತು, ಪಟ್ಟಿ ಟಕ್ಕೆಂದು ಬಿಚ್ಚಿಕೊಂಡಿತು.

ಮಾಲೀಸಿನ ಸುದ್ದಿ ಹಬ್ಬಿ, ಮಾರನೆಯ ದಿನ ಇಡೀ ಕೊಬ್ಬರಿ ಮಂಡಿ ನನ್ನ ಬೆಂಚಿನ ಮೇಲಿತ್ತು. ಕಬ್ಬಿಣದ ಕೈಯನ್ನು ಕಿತ್ತು ಅಟ್ಟಕ್ಕೆ ಹಾಕಿದೆವು. ಈಗ ನಾನು ಕನ್ನಡಿ ಹಿಡಿದು, "ಏನು ಸರಿಯಿಲ್ಲ, ಹೇಳಿ" ಎಂದೇ ಕೇಳುತ್ತೇನೆ. ಜನ ಹೇಳುತ್ತಾರೆ, ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ. ಯುಗಾದಿ ಬಂತು, ಹೋಯಿತು. ಬೀಗ ಬೀಳಲಿಲ್ಲ.

ಇವತ್ತು ಮೇಷ್ಟ್ರು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಹಾಕಿದರು. ಇನ್ನೂ ಹುಬ್ಬು ಪೂರ್ತಿ ಬೆಳೆಯದ ಮುಖದಲ್ಲಿ ಅಳುಕು ಕಾಣುತ್ತಿತ್ತು.

"ನಿಜ ಹೇಳು ನಿಂಗರಾಜ, ನನ್ನ ಯಂತ್ರ ಹೆಂಗಿದೆ?"

"ಚೆನ್ನಾಗಿದೆ ಮೇಷ್ಟ್ರೇ. ನಮ್ಮಪ್ಪನ ಅಂಗಡಿ ಉಳಿಸಿಕೊಟ್ರಿ. ನಿಮ್ಮ ಉಪಕಾರ ಮರೆಯಲ್ಲ."

ಮುಳ್ಳು ನೂರನ್ನು ದಾಟಿ ಮೀಟರಿನ ಆ ತುದಿಗೆ ಬಡಿದು, ಅಲ್ಲೇ ನಿಂತಿತು. ಮೇಷ್ಟ್ರು ಕಣ್ಣೊರೆಸಿಕೊಂಡರು.

ಪಟ್ಟಿ ಬಿಚ್ಚುವುದು ಸರಿಯಾಗಿ ನೂರಕ್ಕೆ ಮಾತ್ರ. ಹಾಗಾಗಿ ಇದನ್ನೆಲ್ಲ ಕುರ್ಚಿಯಲ್ಲಿ ಕೂತೇ ಹೇಳುತ್ತಿದ್ದೇನೆ. ಮೇಷ್ಟ್ರು ಸ್ಕ್ರೂಡ್ರೈವರ್ ತರಲು ಹೋಗಿ ಮೂರು ಗಂಟೆಯಾಯಿತು. ನನ್ನ ಕೃತಜ್ಞತೆ ಈಗಷ್ಟೇ ನೂರರ ಹತ್ತಿರ ಇಳಿಯುತ್ತಿದೆ.