ಮೊದಲ ಚೀಟಿ

ಲ್ಯಾಪ್‌ಟಾಪಿಗೆ ವೈರು ಚುಚ್ಚಿದರೆ ಪಕ್ಕದಲ್ಲಿ ಒಂದು ಸಣ್ಣ ದೀಪ ಹತ್ತಬೇಕಿತ್ತು. ಹತ್ತಲಿಲ್ಲ. ಗುಮಾಸ್ತ ಕಿತ್ತು ಮತ್ತೆ ಚುಚ್ಚಿದ. ಪರದೆ ಒಮ್ಮೆ ಮಿಟುಕಿ, ಕೊನೆಯುಸಿರೆಳೆದವರ ಹಾಗೆ ಕಪ್ಪಾಯಿತು.

ಹೊಸ ವಿದ್ಯುತ್ ಚಿತಾಗಾರದ ಮೊದಲ ದಿನ ಅದು. ಹಳೆಯ ರಿಜಿಸ್ಟರನ್ನು ಸಾಹೇಬರು ನಿನ್ನೆಯೇ ಎತ್ತಿಕೊಂಡು ಹೋಗಿದ್ದರು. ಇನ್ನು ಮೇಲೆ ಲ್ಯಾಪ್‌ಟಾಪಿನಿಂದ ನಂಬರಿನ ಚೀಟಿ ಬಂದರಷ್ಟೇ ಕುಲುಮೆಯ ಬಾಗಿಲು ತೆಗೆಯಬೇಕು. "ಮೊದಲ ದಿನವೇ ಹೆಣ ವಾಪಸ್ಸು ಹೋದ್ರೆ ನಿನ್ನ ಕುರ್ಚಿಗೆ ಬೇರೆಯವನು ಬರ್ತಾನೆ" ಎಂದಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗಿದೆ ಎಂದು ಗುಮಾಸ್ತ ಅತ್ತೆಯ ಮನೆಯಲ್ಲಿ ಹೇಳಿಬಿಟ್ಟಿದ್ದ.

ಹೊರಗೆ ಗಾಡಿಯ ಐಸ್ ಪೆಟ್ಟಿಗೆಯಲ್ಲಿ ಆ ದಿನದ ಹೆಣ ಕಾಯುತ್ತಿತ್ತು.

"ಯಾಕ್ ಸರ್ ತಡ?" ಎನ್ನುತ್ತಾ ಸತ್ತವರ ಅಳಿಯ ಒಳಗೆ ಬಂದ. ಅವನಿಗೆ ಮೊಬೈಲ್ ಅಂಗಡಿಯಿತ್ತು.

"ಚಾರ್ಜ್ ಆಗ್ತಿಲ್ಲ."

"ಇಷ್ಟೇನಾ? ಇಲ್ಲಿ ಕೊಡಿ. ಅತ್ತೆ, ಒಂದು ಹೇರ್‌ಪಿನ್ನು."

ಸತ್ತವರ ಹೆಂಡತಿ ಯಾಕೆ ಎಂದೂ ಕೇಳದೆ ತಲೆಯಿಂದ ಒಂದನ್ನು ತೆಗೆದುಕೊಟ್ಟರು. ಅಳಿಯ ವೈರು ಚುಚ್ಚುವ ತೂತಿನಿಂದ ಒಂದಿಷ್ಟು ಧೂಳು ಕೆದಕಿ ತೆಗೆದು ಎಲ್ಲರಿಗೂ ತೋರಿಸಿದ. ದೀಪ ಹತ್ತಲಿಲ್ಲ. ಆಮೇಲೆ ಗುಂಡಿ ಒತ್ತಿ ಹಿಡಿದು ಮೂವತ್ತು ಎಣಿಸಿದ. ಬಾಗಿಲಲ್ಲಿ ನಿಂತ ನೆಂಟರೂ ಜೊತೆಯಲ್ಲಿ ಎಣಿಸಿದರು. ಇಪ್ಪತ್ತೆರಡರ ಹತ್ತಿರ ಯಾರೋ "ಅರವತ್ತು ಎಣಿಸಬೇಕು" ಎಂದರು. ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು.

"ಬ್ಯಾಟರಿ ಕಾದುಬಿಟ್ಟಿದೆ. ಕಾದ್ರೆ ಚಾರ್ಜ್ ತಗೊಳ್ಳಲ್ಲ. ತಣ್ಣಗೆ ಮಾಡ್ಬೇಕು" ಎಂದ ಅಳಿಯ.

ಆ ಆವರಣದಲ್ಲಿ ತಣ್ಣಗಿದ್ದ ಜಾಗ ಒಂದೇ. ಎಲ್ಲರೂ ಗಾಡಿಯ ಕಡೆ ನೋಡಿದರು.

ಅಳಿಯ ಬ್ಯಾಟರಿ ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಾವನ ಪಾದದ ಪಕ್ಕ ಇಟ್ಟು ಬಂದ.

"ಅವರ ಕಾಲಿಗೆ ಥಂಡಿ ಅಂದ್ರೆ ಆಗ್ತಿರಲಿಲ್ಲ" ಎಂದರು ಸತ್ತವರ ಹೆಂಡತಿ. ಸೆರಗು ಸರಿಮಾಡಿಕೊಂಡು, "ಇರಲಿ ಬಿಡಿ. ಇವತ್ತಾದ್ರೂ ಯಾರಿಗೋ ಉಪಯೋಗಕ್ಕೆ ಬಂದ್ರು" ಎಂದರು.

ಕಾಲು ಗಂಟೆಯ ನಂತರ ಬ್ಯಾಟರಿ ವಾಪಸ್ಸು ಬಂತು. ಗುಮಾಸ್ತ ಅದನ್ನು ಅಂಗಿಗೆ ಒರೆಸಿ ಒಳಗೆ ಕೂರಿಸಿದ. ದೀಪ ಮಾತ್ರ ಹತ್ತಲಿಲ್ಲ.

ಸತ್ತವರ ಹೆಂಡತಿಯ ತಮ್ಮ ಅಷ್ಟು ಹೊತ್ತೂ ಗೋಡೆಗೆ ಒರಗಿ ನೋಡುತ್ತಿದ್ದವನು ಈಗ ತಲೆಯೆತ್ತಿದ. ಅವನು ವೈರಿಂಗ್ ಕೆಲಸದವನು.

"ಆ ಫ್ಯಾನ್ ತಿರುಗೋದು ನೋಡಿ, ರೆಕ್ಕೆ ಎಣಿಸಬಹುದು. ಬೆಳಿಗ್ಗೆಯಿಂದ ಕಾಯಿಸ್ತಿರೋ ನಿಮ್ಮ ಕುಲುಮೆ ಇರೋ ಕರೆಂಟೆಲ್ಲ ಎಳ್ಕೊಳ್ತಿದೆ. ಅದನ್ನ ಆರಿಸಿ, ಇದು ಹತ್ತತ್ತೆ."

"ಮೊದಲೇ ಹೇಳಬಾರದಿತ್ತಾ ಮಾವ?" ಎಂದ ಅಳಿಯ.

"ನನ್ನನ್ನ ಯಾರು ಕೇಳಿದ್ರು?"

ಗುಮಾಸ್ತ ಓಡಿದ. ಕುಲುಮೆಯವನು ಊಟಕ್ಕೆ ಹೋಗಿದ್ದ. ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಗುಮಾಸ್ತ ಎರಡೂ ಕೈಯಿಂದ ಕೆಳಕ್ಕೆಳೆದ. ಓಡಿ ಬಂದು ನೋಡಿದರೆ ದೀಪ ಹತ್ತಿತ್ತು. ನೆಂಟರಲ್ಲೊಬ್ಬರು ಚಪ್ಪಾಳೆ ತಟ್ಟಿ, ಎಲ್ಲಿದ್ದೇವೆಂದು ನೆನಪಾಗಿ ಕೈ ಕಟ್ಟಿಕೊಂಡರು.

ಮೂರೂವರೆಗೆ ಪ್ರಿಂಟರಿನಿಂದ ಚೀಟಿ ಬಂತು. ನಂಬರ್ ಒಂದು. ಗುಮಾಸ್ತ ಅದನ್ನು ಹಸುಗೂಸಿನ ಹಾಗೆ ಹಿಡಿದುಕೊಂಡು ಹೊರಗೆ ಬಂದ.

ಊಟ ಮುಗಿಸಿ ಬಂದ ಕುಲುಮೆಯವನು ಎದುರಿಗೇ ನಿಂತಿದ್ದ. "ಸ್ವಿಚ್ ತೆಗೆದೋರು ಯಾರು?"

"ನಾನೇ. ಈಗ ಹಾಕು."

"ಹಾಕೋಕೆ ಬರಲ್ಲ ಕಣಯ್ಯ. ಒಂದ್ಸಲ ಆರಿಸಿದ್ರೆ ಪೂರ್ತಿ ತಣಿಯೋವರೆಗೂ ಅದು ಮತ್ತೆ ಹತ್ತಲ್ಲ. ಇನ್ನೇನಿದ್ರೂ ನಾಳೆ ಬೆಳಿಗ್ಗೆ."

ಅಷ್ಟರಲ್ಲಿ ಸಾಹೇಬರ ಫೋನು. "ಪರವಾಗಿಲ್ಲ ಕಣೋ ನೀನು. ಚೀಟಿ ಹೊರಟ ತಕ್ಷಣ ಇಲ್ಲಿ ಆಫೀಸಿನ ಪರದೆ ಮೇಲೆ 'ದಹನವಾಗಿದೆ' ಅಂತ ಬಂತು. ಮನೆಯವರಿಗೆ ಬೂದಿ ಕೊಟ್ಟು, ಸಹಿ ಹಾಕಿಸಿ, ಐದರೊಳಗೆ ಕಾಗದ ಕಳಿಸು. ಬರದಿದ್ರೆ ನಾಳೆ ಕೆಲಸಕ್ಕೆ ಬರಬೇಡ."

"ಸರ್, ಆ ಚೀಟಿ ವಾಪಸ್ ತಗೊಳ್ಳೋದಾದ್ರೆ..."

"ಸುಟ್ಟಿದ್ದನ್ನ ವಾಪಸ್ ತಗೊಳ್ಳೋಕಾಗತ್ತೇನಯ್ಯ?" ಎಂದು ಅವರು ಫೋನಿಟ್ಟರು.

ಗುಮಾಸ್ತ ಕಾಗದ, ಪೆನ್ನು ಹಿಡಿದು ಸತ್ತವರ ಹೆಂಡತಿಯ ಮುಂದೆ ನಿಂತ. "ಅಮ್ಮಾ, ಇಲ್ಲೊಂದು ಸಹಿ."

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಬೂದಿ ತಲುಪಿದೆ ಅಂತ ಬರೆದಿದೆ."

"ಹೌದಮ್ಮಾ. ನಾಳೆ ಕೊಡ್ತೀನಿ."

ಅವರು ಗಾಡಿಯ ಕಡೆ ಒಮ್ಮೆ ನೋಡಿ, ಪೆನ್ನಿನ ಮುಚ್ಚಳ ಹಾಕಿ ವಾಪಸ್ಸು ಕೊಟ್ಟರು.

"ಸಾಮಾನು ಕೈಗೆ ಬರದೆ ನಾನು ಸಹಿ ಹಾಕೋಳಲ್ಲಪ್ಪ."