ಮೂರು ಯೂನಿಟ್ಟಿನ ದಿನ

ಧನರಾಜ ಮಾಸ್ತರರ ಸಂಕಟಕ್ಕೆ ಕಾರಣ ಒಂದು ಗೋಡೆ. ಇಚಲಕರಂಜಿಯ ಆ ಕನ್ನಡ ಶಾಲೆಯ ಪಕ್ಕದಲ್ಲಿ ಜಿನೇಶ ತನ್ನ ಮಗ್ಗದ ಶೆಡ್ಡನ್ನು ಎತ್ತರಿಸಿದ ಮೇಲೆ ನಾಲ್ಕನೇ ಇಯತ್ತೆಯ ಕೋಣೆಗೆ ಹಗಲು ಬರುವುದೇ ನಿಂತುಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿದು, ಕೋಣೆಯ ದೀಪ ಜ್ವರ ಬಂದವರ ಕಣ್ಣಿನಂತೆ ಪಿಳಿಪಿಳಿ ಅನ್ನುತ್ತಿತ್ತು. ಬೋರ್ಡಿನ ಮೇಲೆ ಮಾಸ್ತರರು ಬರೆದ ಮೂರನ್ನು ಮಕ್ಕಳು ಎಂಟೆಂದು ಓದುತ್ತಿದ್ದರು.

ಅಂಥದರಲ್ಲಿ ಕೊಲ್ಹಾಪುರದಿಂದ ಶಾಲೆಗಳ ವಿದ್ಯುತ್ ಉಳಿತಾಯ ಸ್ಪರ್ಧೆಯ ಕಾಗದ ಬಂತು. ಮೊದಲ ಬಹುಮಾನ: ಚಾವಣಿಯ ಮೇಲೆ ಸೋಲಾರ್, ಜೊತೆಗೆ ಬ್ಯಾಟರಿ. ಮಾಸ್ತರರು ಮೂರು ತಿಂಗಳು ನಿದ್ದೆಗೆಟ್ಟರು. ಹಳೆಯ ಟ್ಯೂಬು ಕಿತ್ತು ಎಲ್‌ಇಡಿ ಹಾಕಿಸಿದರು. ಗೋಡೆಗೆ ಸುಣ್ಣ ಹೊಡೆಸಿದರು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಿದರೆ ಸ್ವಂತ ಕುತ್ತಿಗೆಯೇ ತಿರುಗಿದಂತೆ ಓಡುತ್ತಿದ್ದರು. ಕೊನೆಗೆ ಉಳಿದದ್ದು ಇವರ ಶಾಲೆ ಮತ್ತು ಗಡಹಿಂಗ್ಲಜದ ಒಂದು ಶಾಲೆ. ಇವತ್ತು ಕಡೆಯ ಪರೀಕ್ಷೆ: ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಮೀಟರು ಮೂರು ಯೂನಿಟ್ ದಾಟಬಾರದು.

ಹತ್ತಕ್ಕೆ ಮೀಟರಿನ ಫೋಟೋ ಕಳಿಸಿ ತಿರುಗುವಷ್ಟರಲ್ಲಿ ಅಂಗಳದಲ್ಲಿ ಲೌಡ್‌ಸ್ಪೀಕರ್ ಗುಡುಗಿತು. ಬಾಗಿಲಿಗೆ ಬಣ್ಣಬಣ್ಣದ ಲೈಟಿನ ಸರ. ವೇದಿಕೆಯ ಎಡಕ್ಕೊಂದು ಕೂಲರ್, ಬಲಕ್ಕೊಂದು ಕೂಲರ್.

"ಏನ್ರಿ ಇದು?" ಮಾಸ್ತರರು ಚೀರಿದರು.

"ಸತ್ಕಾರ ಅಲ್ಲೇನ್ರಿ!" ಹೆಡ್‌ಮಾಸ್ತರ ಬಾಳಾಸಾಹೇಬರು ತಲೆಗೆ ಸುತ್ತುವ ಫೇಟಾ ಝಾಡಿಸುತ್ತ ನಕ್ಕರು. "ಕರೆಂಟ್ ಉಳಿಸೂದು ನೋಡಾಕ ಮಂಗಲ ಮ್ಯಾಡಮ್ ಕೊಲ್ಹಾಪುರದಿಂದ ಬರಾಕತ್ತಾರ. ಹಂಗ ಸುಮ್ನ ಶಾಲು ಹೊಚ್ಚಿ ಕಳಸೂದೇನ್ರಿ?"

"ಮಗಳ ಲಗ್ನದ್ದು ಇನ್ನೂ ಎರಡು ಸರ ಅದಾವ್ರಿ. ತರ್ಲೇನು?" ಅಂದ ಬಾಗಿಲಿಗೆ ಸರ ಕಟ್ಟುತ್ತಿದ್ದ ಜಿನೇಶ.

ಹನ್ನೆರಡರ ಹೊತ್ತಿಗೆ ಎರಡೂವರೆ ಯೂನಿಟ್ ಸುಟ್ಟಿತ್ತು. ಅಡುಗೆಯ ಕಲ್ಲವ್ವ ಇಣುಕಿ, "ಗುರೂಜಿ, ಮ್ಯಾಡಮ್‌ಗೆ ಶೇಂಗಾ ಚಟ್ನಿ ಮಾಡ್ತೇನ್ರಿ. ಮಿಕ್ಸರ್ ಹಚ್ಲೇನು?" ಎಂದು ಕೇಳಿದ್ದೇ ತಡ, ಮಾಸ್ತರರು ಓಡಿಹೋಗಿ ಮೇನ್ ಫ್ಯೂಜು ಕಿತ್ತು ಕಿಸೆಗಿಟ್ಟರು.

"ಲೈಟ್ ಹೋತು!" ಬಾಳಾಸಾಹೇಬರು ಬಾಯಿ ಬಡಿದುಕೊಂಡರು.

"ನಮ್ಮ ಮಗ್ಗ ಓಡಾಕತ್ತಾವಲ್ರಿ! ತಡೀರಿ, ನಮ್ಮ ಶೆಡ್‌ನಿಂದ ವಾಯರ್ ಎಳೀತೇನಿ," ಅಂದ ಜಿನೇಶ.

"ಅದು ಕಳ್ಳ ಲೆಕ್ಕ ಆಗ್ತೈತ್ರಿ! ವಾಯರ್ ಎಳದ್ರ ನಾ ಅದಕ್ಕ ಜೋತ್ ಬೀಳ್ತೇನ್ ನೋಡ್ರಿ!" ಎಂದು ಮಾಸ್ತರರು ಅಂಗಳದ ನಡುವೆ ಕೈ ಚಾಚಿ ನಿಂತುಬಿಟ್ಟರು.

ಎರಡೂವರೆ ಗಂಟೆಗೇ ಜೀಪು ಬಂತು. ಇಳಿದವರೇ ಮಂಗಲ ಮ್ಯಾಡಮ್, "ನಾಲ್ಕನೇ ಇಯತ್ತೆಯ ಪಾಠ ನೋಡಬೇಕ್ರಿ" ಅಂದರು. ಮಾಸ್ತರರು ಕಿಸೆಯ ಫ್ಯೂಜನ್ನು ಒತ್ತಿ ಹಿಡಿದು ಮುಂದೆ ನಡೆದರು. ಕೋಣೆಯೊಳಗೆ ಮಕ್ಕಳ ಹಲ್ಲು ಮಾತ್ರ ಕಾಣುತ್ತಿದ್ದವು. ಅಷ್ಟರಲ್ಲಿ ಕೋಣೆಯ ಒಳಮಾಡಿನ ಮೇಲೆ ಬೆಳಕಿನ ಒಂದು ರೊಟ್ಟಿ ಕುಣಿಯಿತು. ಮಾಸ್ತರರು ಕಿಟಕಿಯಿಂದ ನೋಡಿದರೆ, ಶೆಡ್ಡಿನ ನೆರಳಿನಾಚೆ ಅಂಗಳದ ಬಿಸಿಲಲ್ಲಿ ಕಲ್ಲವ್ವ ಊಟದ ತಾಟು ತೊಳೆಯುತ್ತಿದ್ದಳು.

"ಕಲ್ಲವ್ವಾ, ಆ ತಾಟು ಅಳ್ಳಾಡಿಸಬ್ಯಾಡ!"

"ಯಾಕ್ರಿ, ತೊಳೀಬಾರದೇನು?"

ಎರಡು ನಿಮಿಷದಲ್ಲಿ ಮೂರನೇ ಇಯತ್ತೆಯವರೆಲ್ಲ ಬಿಸಿಲಿನಲ್ಲಿ ಸಾಲಾಗಿ ನಿಂತು, ಕಿಟಕಿಯತ್ತ ತಾಟು ಹಿಡಿದರು. ಹೊಸ ಸುಣ್ಣದ ಗೋಡೆಗಳು ಧಗ್ಗನೆ ಬೆಳಗಿದವು. ಬೋರ್ಡಿನ ಮೇಲಿನ ಮೂರು ಮೂರಾಗಿಯೇ ಕಂಡಿತು. ಮಕ್ಕಳು ಮಗ್ಗದ ಸದ್ದನ್ನೂ ಮುಳುಗಿಸುವಂತೆ ಮಗ್ಗಿ ಹೇಳಿದರು. ಮೂರು ಗಂಟೆಗೆ ಮೀಟರು ಓದಿದ ಮ್ಯಾಡಮ್ ಕನ್ನಡಕ ತೆಗೆದು ಒರೆಸಿಕೊಂಡರು. ಎರಡೂವರೆ ಯೂನಿಟ್!

ಕೊಲ್ಹಾಪುರಕ್ಕೆ ಫೋನ್ ಹೋಯಿತು. "ಪೈಲಾ ನಂಬರ್ ನಿಮ್ದ್ರಿ!" ಎಂದು ಮ್ಯಾಡಮ್ ಮೊದಲ ಸ್ಥಾನ ಸಾರಿದರು.

ಜಿನೇಶ ಮಾಸ್ತರರಿಗೆ ಫೇಟಾ ಸುತ್ತಿದ. ಮಗ್ಗ ನಿಲ್ಲಿಸಿ ಬಂದ ಕೆಲಸಗಾರರು ಅವರನ್ನು ಭುಜದ ಮೇಲೆ ಕೂಡಿಸಿಕೊಂಡರು. ಅಷ್ಟೆತ್ತರದಿಂದ ಶಾಲೆಯ ಚಾವಣಿ ಚೆನ್ನಾಗಿ ಕಂಡಿತು. ಸೋಲಾರ್ ಎಲ್ಲಿ ಕೂಡಿಸಬೇಕೆಂದು ಮಾಸ್ತರರು ಬೆರಳು ಮಾಡಿ ತೋರಿಸತೊಡಗಿದರು.

"ಅದನ್ನ ಗಡಹಿಂಗ್ಲಜದವ್ರಿಗೆ ಕೊಡಾಕ ಹೇಳೇನ್ರಿ," ಮ್ಯಾಡಮ್ ಕೆಳಗಿನಿಂದ ಹೆಮ್ಮೆಯಿಂದ ಕೂಗಿದರು. "ಪಾಪ, ಅವ್ರು ಇನ್ನೂ ಕರೆಂಟಿನ ಮ್ಯಾಲೇ ಕಲಸಾಕತ್ತಾರ. ನಿಮಗದರ ಹಂಗು ಇಲ್ಲ! ನಿಮಗ ನೂರು ಹೊಸಾ ಸ್ಟೀಲ್ ತಾಟು!"

ಅಂಗಳವೆಲ್ಲ ಶಿಳ್ಳೆ.

"ನೂರರ ಮ್ಯಾಲೂ ಮಾಸ್ತರ್ರ ಹೆಸರು ಕೊರಸೂದು ನನ್ನ ಕಡೆ!" ಎಂದ ಜಿನೇಶ.

"ನೂರೂ ತೊಳ್ಯಾಕಿ ನಾನ ಅಲ್ಲೇನ್ರಿ?" ಎಂದಳು ಕಲ್ಲವ್ವ.

ಫೇಟಾದೊಳಗಿನಿಂದ ಬೆವರು ಮೂಗಿನ ತುದಿಗಿಳಿಯಿತು. ಮಾಸ್ತರರು ಕಿಸೆ ಮುಟ್ಟಿ ನೋಡಿಕೊಂಡರು. ಫ್ಯೂಜು ಅಲ್ಲೇ ಇತ್ತು. ಅದನ್ನು ಹಾಕಿದರೆ ಫ್ಯಾನಾದರೂ ತಿರುಗುತ್ತಿತ್ತು. ಆದರೆ ಜಯಜಯಕಾರದ ನಡುವೆ ಅವರನ್ನು ಕೆಳಗಿಳಿಸಲು ಯಾರೂ ತಯಾರಿರಲಿಲ್ಲ.