ಗೀಜರಿಗೆ ಹುಣಸೆಹುಳಿ ಚಿಕಿತ್ಸೆ

ಮೂವತ್ತಮೂರು ವರ್ಷ ಸಿಂದಗಿಯ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದ ನನಗೆ ಒಂದು ಗೀಜರಿನ ಆರೋಗ್ಯ ತಿಳಿಯುವುದಿಲ್ಲವೆಂದರೆ ಯಾರಾದರೂ ನಕ್ಕಾರು. ನಕ್ಕರು. ಆ ಕಥೆಯನ್ನೇ ಹೇಳುತ್ತೇನೆ.

ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು ಸುಧಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ನಮ್ಮ ಕಡೆ ಬಾಣಂತಿಗೂ ಕೂಸಿಗೂ ದಿನಾ ಬೆಳಿಗ್ಗೆ ಎಣ್ಣೆ ತಿಕ್ಕಿ ಬಿಸಿನೀರು ಎರೆಯಬೇಕು. ಎರೆಯಲು ಬರುವವರು ಮಾಬೂಬಿ ಆಯಿ. ಓಣಿಯ ಅರ್ಧ ಜನರ ಮೊದಲ ಸ್ನಾನ ಆಗಿದ್ದು ಇವರ ಕಾಲ ಮೇಲೆಯೇ, ನನ್ನ ಮಗಳದೂ ಸೇರಿ. ಹಿತ್ತಲಲ್ಲಿ ಹಂಡೆಗೆ ಒಲೆ ಹೂಡೋಣವೆಂದು ಆಯಿ ಅಂದಾಗ ನಾನು ಎದೆಯುಬ್ಬಿಸಿ ಘೋಷಿಸಿದೆ:

"ಗೀಜರ್ ಐತಿ ಆಯಿ. ನಲವತ್ತ ದಿನದ ಬಿಸಿನೀರಿನ ಜವಾಬ್ದಾರಿ ನಂದು!"

ಗೀಜರಿಗೆ ಆಗ ಹದಿಮೂರು ವರ್ಷ. ವಾರ ಕಳೆಯುವುದರೊಳಗೆ ಹೆಂಡತಿ ಗಿರಿಜಾ ಬಚ್ಚಲ ಬಾಗಿಲಲ್ಲಿ ನಿಂತಳು.

"ಏನ್ರೀ, ನೀರ ಕೆಂಪಗ ಬರಾಕತ್ತಾವ."

"ಅದು ಬೋರಿನ ಕೆಂಪು ಮಣ್ಣು."

"ಸುತ್ತ ಹತ್ತ ಹಳ್ಳಿ ಕರೀ ಎರಿ ಭೂಮಿ. ಕೆಂಪ ಮಣ್ಣ ಎಲ್ಲಿಂದ ಬಂತ್ರೀ? ಒಳಗ ಜಂಗ ಹಿಡದೈತಿ. ಹೊಸಾದ ತರ್ರಿ."

ತರಲು ನನ್ನ ತಕರಾರೇನೂ ಇರಲಿಲ್ಲ. ಆದರೆ ಗೀಜರಿನ ಕಾಲ ಮುಗಿದಿದೆ ಎಂದು ತಿಳಿಯುವುದು ಹೇಗೆ? ಕಾರಣ ಗೊತ್ತಾಗದೆ ಯಾವುದನ್ನೂ ಎಸೆಯಬಾರದು ಎಂದು ಸಾವಿರಾರು ಮಕ್ಕಳಿಗೆ ಹೇಳಿದವನು ನಾನು. ಇನ್ನೂರು ಪುಟದ ನೋಟ್‌ಬುಕ್ ತಂದು, ಮೇಲೆ 'ಗೀಜರಿನ ದಿನಚರಿ' ಎಂದು ದುಂಡಗೆ ಬರೆದು ಸಂಶೋಧನೆ ಆರಂಭಿಸಿದೆ.

ಮೊದಲಿಗೆ ಬಕೆಟ್ ಬೋರಲು ಹಾಕಿ, ಮೇಲೆ ಹತ್ತಿ, ಗೀಜರಿಗೆ ಸ್ಟೀಲ್ ಲೋಟ ಹಚ್ಚಿ ಕಿವಿಗೊಟ್ಟೆ. ಒಳಗೆ ಪಂಚಮಿಗೆ ಜೋಳದ ಅರಳು ಹುರಿದಂತೆ ಪಟಪಟ ಸದ್ದು! ಎಷ್ಟು ಖುಷಿಯಾಯಿತೆಂದರೆ ಗಿರಿಜಾಳನ್ನೂ ಕರೆದು ಕೇಳಿಸಿದೆ. ಅವಳು ಲೋಟವನ್ನಷ್ಟೇ ಇಸಿದುಕೊಂಡು ಹೋದಳು. ಆಮೇಲೆ ನೀರಿನ ಶಾಖ ಅಳೆಯಲು ಥರ್ಮಾಮೀಟರ್ ಅದ್ದಿದೆ. ಅದು ಮಾತು ನಿಲ್ಲಿಸಿತು.

"ಅಪ್ಪಾ, ಅದು ಕೂಸಿನ ಜ್ವರಾ ನೋಡೂದು!" ಎಂದು ಸುಧಾ ಒಳಗಿನಿಂದ ಕೂಗಿದಳು.

ಒಂದು ದಿನ ಮಾಬೂಬಿ ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಮುಂದೆ ನಿಂತು ಏನೋ ಹೇಳಲು ಬಾಯಿ ತೆರೆದರು. "ಒಂದ ನಿಮಿಷ ಆಯಿ, ಬರಿಯಾಕತ್ತೇನಿ" ಎಂದೆ. ಅವರು ಸ್ವಲ್ಪ ಹೊತ್ತು ನೋಡಿ ಮನೆಗೆ ಹೋದರು.

ಹತ್ತು ಪುಟ ತುಂಬಿದ ಮೇಲೆ ನಾನು ತೀರ್ಮಾನಕ್ಕೆ ಬಂದೆ. ನಮ್ಮದು ಸವಳು ನೀರು. ಕಾದು ಕಾದು ಒಳಗೆ ಬಿಳಿ ಕಿಟ್ಟ ಕಟ್ಟಿದೆ, ಅದೇ ಸಿಡಿಯುತ್ತಿದೆ. ಇದು ಸರಿಯಾಗಿಯೇ ಇತ್ತು. ಇಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ಗಿರಿಜಾ ಹಿತ್ತಲಲ್ಲಿ ಕಿಲುಬು ಹಿಡಿದ ತಾಮ್ರದ ಹಂಡೆಗೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದಳು. ಹಂಡೆ ಫಳಫಳ! ನನ್ನ ತಲೆಯೂ ಫಳಫಳ! ಗೀಜರ್ ಎಂದರೇನು? ಗೋಡೆಗೆ ನೇತು ಹಾಕಿದ ಹಂಡೆಯಲ್ಲವೇ?

ಮಧ್ಯಾಹ್ನ ಎಲ್ಲರೂ ಮಲಗಿದಾಗ ವರ್ಷಕ್ಕೆಂದು ಇಟ್ಟ ಹುಣಸೆಹಣ್ಣನ್ನೆಲ್ಲ ಬಕೆಟ್ಟಿನಲ್ಲಿ ಕಿವುಚಿ, ಸೋಸಿ, ಮಾಳಿಗೆ ಹತ್ತಿ ನೀರಿನ ಟಾಕಿಗೆ ಸುರಿದೆ. ತಳದಲ್ಲಿ ಗೇಣು ನೀರಷ್ಟೇ ಇತ್ತು. ಕೆಳಗಿಳಿದು ಬಚ್ಚಲಿನ ನಳ ತಿರುವಿ ಹುಳಿಯನ್ನು ಗೀಜರಿನೊಳಗೆ ಎಳೆದುಕೊಂಡು, ಸ್ವಿಚ್ ಹಾಕಿದೆ.

ಟಾಕಿಯಿಂದ ನೀರು ಗೀಜರಿಗಷ್ಟೇ ಅಲ್ಲ, ಮನೆಯ ಎಲ್ಲ ನಳಕ್ಕೂ ಹೋಗುತ್ತದೆ. ಇದನ್ನು ತಿಳಿಯಲು ಭೌತಶಾಸ್ತ್ರ ಬೇಕಾಗಿಲ್ಲ. ಬಹುಶಃ ಅದಕ್ಕೇ ನನಗೆ ಹೊಳೆಯಲಿಲ್ಲ!

ಸಂಜೆ ಗಿರಿಜಾ ಚಹಾಕ್ಕಿಟ್ಟಳು. ಹಾಲು ಒಡೆಯಿತು. ಇನ್ನೊಂದು ಪ್ಯಾಕೆಟ್ ಒಡೆದು ಹಾಕಿದಳು. ಅದೂ ಒಡೆಯಿತು. ಪಕ್ಕದ ಮನೆಯ ಎಮ್ಮೆಯ ಹಾಲು ತಂದಳು. ಎಮ್ಮೆಯೂ ಸೋತಿತು! ಕೊನೆಗೆ ನಳದ ನೀರನ್ನು ಬೆರಳಿಗೆ ಹಚ್ಚಿ ನೆಕ್ಕಿ ನೋಡಿದಳು.

"ಏನ್ರೀ! ನಳದಾಗ ಸಾರು ಬರಾಕತ್ತೈತಿ!"

ನಾನು ಎಲ್ಲವನ್ನೂ ಒಪ್ಪಿಕೊಂಡು ಟಾಕಿ ತೊಳೆದೆ. ಗೀಜರನ್ನು ಮಾತ್ರ ಹುಳಿಯಲ್ಲಿ ನೆನೆಯಲು ಬಿಟ್ಟು, ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಹೊಸ ನೀರು ಹಾಯಿಸಿದೆ. ನೀರಿಗೆ ಬಣ್ಣವಿಲ್ಲ. ಸ್ವಿಚ್ ಹಾಕಿದೆ, ಸದ್ದೂ ಇಲ್ಲ. "ಬರ್ರಿ ಆಯಿ, ಹೊಸಾ ಗೀಜರ್ ಆಗೈತಿ!" ಎಂದು ಬೀಗಿದೆ.

ಆಯಿ ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿದರು. ಅಷ್ಟರಲ್ಲಿ ಗೀಜರಿನ ತಳದಿಂದ ಒಂದು ಹನಿ ಬಿತ್ತು. ಇನ್ನೊಂದು. ಆಮೇಲೆ ಮೂರು ಕಡೆಯಿಂದ ಧಾರೆ! ನಾನು ಮೇನ್ ಸ್ವಿಚ್ ಆರಿಸಲು ಓಡಿದೆ. ಆಯಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದರು.

ಅಡುಗೆಮನೆಯ ಗ್ಯಾಸೂ ಆ ಬೆಳಿಗ್ಗೆಯೇ ಮುಗಿದಿತ್ತು. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಹಂಡೆ ಏರಿಸಿದೆ. ಕಟ್ಟಿಗೆ ಹಸಿ. ಊದಿ ಊದಿ ಕಣ್ಣು ಕೆಂಪಾದವೇ ಹೊರತು ಒಲೆ ಕೆಂಪಾಗಲಿಲ್ಲ. ಮೈತುಂಬ ಎಣ್ಣೆ ಹಚ್ಚಿಸಿಕೊಂಡ ಕೂಸು ಒಂದೇ ಸಮನೆ ಅಳುತ್ತಿತ್ತು. ಹದಿನೆಂಟು ದಿನದ ಜೀವಕ್ಕೆ ಒಂದು ಚರಿಗೆ ಬಿಸಿನೀರು ಕೊಡಲಾಗದ ಅಜ್ಜ ನಾನು! ನಿಜವಾಗಿಯೂ ನಾಚಿಕೆಯಾಯಿತು, ಅಳುವೂ ಬಂತು, ಹೊಗೆಯ ಮೇಲೆ ಹಾಕಿದೆ. ಗಿರಿಜಾ ಒಳಗಿನಿಂದ ಏನೋ ಕಾಗದ ಹರಿದು ತಂದು ಒಲೆಗೆ ತುರುಕಿದಳು. ಭಗ್ಗನೆ ಹತ್ತಿತು. ಅರ್ಧ ಗಂಟೆಯಲ್ಲಿ ಸ್ನಾನವಾಗಿ ಕೂಸು ನಿದ್ದೆ ಹೋಯಿತು.

ಮಧ್ಯಾಹ್ನ ಬಂದ ಪ್ಲಂಬರ್ ಗೀಜರ್ ಬಿಚ್ಚಿ ನೋಡಿ ನನ್ನತ್ತ ತಿರುಗಿದ. "ಸರ, ಇದು ತೂತ ಬಿದ್ದು ಯಾವ ಕಾಲ ಆಗೇತೋ. ಕಿಟ್ಟನ ಮುಚ್ಚಿ ಹಿಡದಿತ್ತು. ಅದನ್ನ ಯಾರ ತೊಳದ್ರಿ?"

ನಾನು ಮಾಳಿಗೆಯ ಜಂತಿ ಎಣಿಸತೊಡಗಿದೆ. ಆಯಿ ಬಾಗಿಲಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ನನಗ ಮೊದಲನೇ ವಾರದಾಗ ಗೊತ್ತಾಗಿತ್ರಿ ಮಾಸ್ತರ. ಮೊದಲ ಇಪ್ಪತ್ತ ಚರಗಿ ಬಿಸಿನೀರ ಬರ್ತಿದ್ವು. ಆಮ್ಯಾಲ ಹದಿನೈದು. ಆಮ್ಯಾಲ ಎಂಟು. ಅದಕ್ಕ ವಯಸ್ಸಾತು ಅಂದ್ರ ಅಷ್ಟರೀ."

"ಹೇಳಬಾರದಿತ್ತೇನ ಆಯಿ?"

"ಹೇಳಾಕ ಬಂದಿದ್ನೆಲ್ರಿ. ನೀವು ಬರಿಯಾಕತ್ತಿದ್ರಿ!"

ಚರಿಗೆ ಎಣಿಸುವುದು! ಎಂಥ ಸರಳ ಪ್ರಯೋಗ! ಮರೆಯುವ ಮೊದಲು ದಾಖಲಿಸಬೇಕೆಂದು ನೋಟ್‌ಬುಕ್ ಹುಡುಕಿದೆ. ಎಲ್ಲೂ ಇಲ್ಲ.

"ಗಿರಿಜಾ, ನನ್ನ ವಹಿ ಎಲ್ಲೈತಿ?"

"ಮುಂಜಾನೆ ಒಲಿಗೆ ಹಾಕಿದ್ನೆಲ್ರೀ. ಛಲೋ ಹತ್ತಿತು."

ಬಿಸಿನೀರಿನ ಜವಾಬ್ದಾರಿ ನನ್ನದೆಂದು ಕೊಟ್ಟ ಮಾತು ಆ ದಿನವೂ ಉಳಿಯಿತು. ಕೂಸಿಗೆ ನೀರು ಕಾದದ್ದು ನನ್ನ ಸಂಶೋಧನೆಯಿಂದಲೇ!